ಯಮನಪ್ಪ ಕಟ್ಟಿದ ಗೋಡೆ, ನಾನು ಹಾಕಿದ ಲೆಕ್ಕ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಣ್ಣ ಬಳಿದರು. ಆಯುಧಪೂಜೆ ಹತ್ತಿರ ಬಂದರೆ ಅಸೋಸಿಯೇಷನ್ನಿನವರಿಗೆ ವರ್ಷಕ್ಕೊಮ್ಮೆ ಈ ಹುರುಪು ಬರುತ್ತದೆ. ವರ್ತೂರು ಕೆರೆಯ ಗಾಳಿ ಕುಡಿದು ಕುಡಿದು ನಮ್ಮ ಮೂಗು ಸತ್ತೇ ಹೋಗಿದೆ ಎಂದುಕೊಂಡಿದ್ದೆ. ಆದರೆ ಲಿಫ್ಟಿನಿಂದ ಹೊರಗೆ ಕಾಲಿಟ್ಟ ಕೂಡಲೇ ಆ ವಾಸನೆ ಗುರುತು ಸಿಕ್ಕಿತು. ಥಿನ್ನರ್ ಕಲಸಿದ ಅಲ್ಯೂಮಿನಿಯಂ ಪೇಂಟು, ಪೀಣ್ಯದ ಕಾರ್ಖಾನೆಯವರ ಬಾಯಲ್ಲಿ ಬರೀ 'ಸಿಲ್ವರ್'. "ಮೇಡಂ, ಮುಟ್ಬೇಡಿ, ಹಸಿ ಐತೆ" ಎಂದ ವಾಚ್‌ಮನ್. ಮುಟ್ಟುವವರ ಪೈಕಿ ನಾನಲ್ಲ. ಮೊಸರು ತರಲು ಹೊರಟವಳು ಹಾಗೇ ಮೇಲಕ್ಕೆ ಹೋಗಿ ಕುರ್ಚಿಯಲ್ಲಿ ಕುಳಿತೆ.

ತೊಂಬತ್ತಾರನೇ ಇಸವಿಯ ಮಳೆಗಾಲ ಅದು. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದ ನಮ್ಮ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಒಬ್ಬಳು ಮದುವೆಯಾದಳು, ಒಬ್ಬಳು ಪೀಣ್ಯಕ್ಕೆ ಬಂದಳು. ಅಪ್ಪನಿಗೆ ಗುರುತಿದ್ದ ರಾಜಶೇಖರಪ್ಪನವರು ಅಲ್ಲಿ ಫರ್ನೇಸು, ಎಂದರೆ ಕುಲುಮೆ, ಕಟ್ಟುವ ಸಣ್ಣ ಕಂಪನಿ ಇಟ್ಟಿದ್ದರು. 'ಕುಲುಮೆ ಕೆಲಸ' ಎಂದು ಕೇಳಿ ನಮ್ಮಜ್ಜಿ, "ಹದಿನಾರು ವರ್ಷ ಓದಿಸಿದ್ದು ತಿದಿ ಒತ್ತಾಕಾ?" ಎಂದಿದ್ದಳು. ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು, ದಿನಾ ಬೆಳಗ್ಗೆ ತುಮಕೂರು ರಸ್ತೆಯ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದೆ. ಪೀಣ್ಯ ಎರಡನೇ ಹಂತದಲ್ಲಿ ಇಳಿದರೆ ಮೊಣಕಾಲುದ್ದ ಕೆಸರು. ಆ ಕೆಸರಿನಲ್ಲೂ ಲೇತ್ ಎಣ್ಣೆ ತೇಲುತ್ತಿತ್ತು.

ನಾವು ಕಟ್ಟುತ್ತಿದ್ದ ಫರ್ನೇಸು ಎಂದರೆ ಒಂದು ಕೋಣೆಯಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆ, ಅದರ ಒಳಗೋಡೆಗೆಲ್ಲ ಇಟ್ಟಿಗೆ. ಒಳಗೆ ಗೇರುಗಳನ್ನು, ಎಂದರೆ ಯಂತ್ರದ ಹಲ್ಲುಚಕ್ರಗಳನ್ನು, ಇಟ್ಟು ಒಂಬೈನೂರು ಡಿಗ್ರಿಗೆ ಕಾಯಿಸಿ ಗಟ್ಟಿ ಮಾಡುತ್ತಾರೆ. ಒಳಗೆ ಅಷ್ಟು ಬೆಂಕಿಯಿದ್ದರೂ ಹೊರಗಿನ ತಗಡು ತೊಂಬತ್ತು ಡಿಗ್ರಿ ದಾಟಬಾರದು. ದಾಟಿದರೆ ಕರೆಂಟು ಪೋಲು, ಪಕ್ಕದಲ್ಲಿ ಓಡಾಡುವವರ ಮೈ ಸುಟ್ಟೀತು. ಗೋಡೆಯ ಒಂದು ಚದರ ಮೀಟರಿನ ಮೂಲಕ ಗಂಟೆಗೆ ಎಷ್ಟು ಶಾಖ ಹೊರಕ್ಕೆ ಹರಿಯುತ್ತದೆ ಎಂದು ಲೆಕ್ಕ ಹಾಕಿ, ಎಷ್ಟು ದಪ್ಪ ಇಟ್ಟಿಗೆ ಬೇಕೆಂದು ಹೇಳುವುದು ನನ್ನ ಕೆಲಸ. ಹೀಗೆ ಹರಿಯುವ ಶಾಖಕ್ಕೆ ಹೀಟ್ ಫ್ಲಕ್ಸ್ ಎನ್ನುತ್ತಾರೆ. ಹೊಸದಾಗಿ ಬಂದ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ಕಂಡ ಕಂಡ ಗೋಡೆಗೆಲ್ಲ ಲೆಕ್ಕ ಹಾಕುತ್ತಿದ್ದೆ. ಚಿಕ್ಕಮ್ಮನ ಇಡ್ಲಿ ಪಾತ್ರೆಗೂ ಹಾಕಿದ್ದುಂಟು. ನನ್ನ ಪಾಲಿಗೆ ಲೆಕ್ಕ ಎಂದರೆ ದೇವರ ಮಾತು.

ಆ ಗೋಡೆಗಳನ್ನು ಕಟ್ಟುತ್ತಿದ್ದವನು ಯಮನಪ್ಪ. ಬಾದಾಮಿ ಕಡೆಯವನು, ನಲವತ್ತೈದರ ಆಸುಪಾಸು, ತೆಳ್ಳಗೆ ಉದ್ದಕ್ಕೆ ಇದ್ದ. ಮೊದಲು ಊರಲ್ಲಿ ಕಲ್ಲು ಕೆಲಸ ಮಾಡಿ, ಇಲ್ಲಿಗೆ ಬಂದು ಹದಿನೈದು ವರ್ಷದಿಂದ ಫರ್ನೇಸಿನ ಗೋಡೆಯನ್ನಷ್ಟೇ ಕಟ್ಟುತ್ತಿದ್ದ. ಗೋಡೆಯಲ್ಲಿ ಎರಡು ಪದರ. ಬೆಂಕಿಯ ಕಡೆಗೆ ಗಟ್ಟಿ ಇಟ್ಟಿಗೆ, ತಗಡಿನ ಕಡೆಗೆ ಬಿಳಿಯ ಹಗುರ ಇಟ್ಟಿಗೆ. ಶಾಖವನ್ನು ತಡೆಯುವುದು ಈ ಬಿಳಿಯದು. ನಾನು ಕೆಲಸಕ್ಕೆ ಸೇರಿದ ದಿನ ಅವನು ಒಂದು ಬಿಳಿ ಇಟ್ಟಿಗೆಯನ್ನು ಬಕೆಟ್ ನೀರಿಗೆ ಬಿಟ್ಟ. ಅದು ತೇಲಿತು. ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು.

"ನೀವು ಪುಸ್ತಕದಾಗ ಓದೀರಲ್ರಿ ಮೇಡಂ, ಇದು ತೇಲತೈತಿ ಅಂತ ಬರದಿಲ್ಲೇನ್ರಿ?" ಎಂದು ಕೇಳಿದ. ಬರೆದಿರಲಿಲ್ಲ.

ಅವನು ಕೆಲಸ ಮಾಡುವಾಗ ಮಾತಾಡುತ್ತಿರಲಿಲ್ಲ. ಒಂದೊಂದು ಇಟ್ಟಿಗೆಯನ್ನೂ ತಿರುಗಿಸಿ ನೋಡಿ, ಅಂಚು ಉಜ್ಜಿ, ತೆಳು ಗಾರೆಯಲ್ಲಿ ಅದ್ದಿ, ಮರದ ಸುತ್ತಿಗೆಯಿಂದ ಎರಡೇ ಏಟು. ಎರಡು ಇಟ್ಟಿಗೆಯ ಸಂದಿನಲ್ಲಿ ಎಂಟಾಣೆ ಬಿಲ್ಲೆ ಹೋಯಿತೆಂದರೆ ಆ ಸಾಲನ್ನೇ ಕಿತ್ತು ಮತ್ತೆ ಕಟ್ಟುತ್ತಿದ್ದ. "ಯಾರು ನೋಡ್ತಾರೆ ಬಿಡೋ, ಒಳಗೆ ಮುಚ್ಚೋಗೋದು" ಎಂದು ಸೂಪರ್‌ವೈಸರ್ ಗಂಗರಾಜು ಬೈಯುತ್ತಿದ್ದ. ಗಂಗರಾಜು ನೆಲಮಂಗಲದವನು, ಕೆಟ್ಟವನಲ್ಲ, ಅವಸರದವನು. ಯಮನಪ್ಪ ಇನ್ನೊಂದು ಇಟ್ಟಿಗೆ ಎತ್ತಿಕೊಳ್ಳುತ್ತಿದ್ದ, ಅಷ್ಟೇ.

ಒಂದು ಭಾನುವಾರ ರಾಜಗೋಪಾಲನಗರದ ತನ್ನ ಮನೆಗೆ ಊಟಕ್ಕೆ ಕರೆದ. ಒಂದೇ ಕೋಣೆ, ಮೇಲೆ ಶೀಟು, ಹೊರಗೆ ಸಣ್ಣ ಮಳೆ. ಹೆಂಡತಿ ಶಾಂತವ್ವ ರೊಟ್ಟಿ ಬಡಿದು ಕೊಟ್ಟಳು, ಆಮೇಲೆ ಚಹಾ. ನನ್ನ ಕಣ್ಣು ಹೋದದ್ದು ಒಲೆಯ ಮೇಲೆ. ನಮ್ಮದೇ ಬಿಳಿ ಇಟ್ಟಿಗೆಯ ಒಡಕು ಚೂರುಗಳನ್ನು ಒಂದಕ್ಕೊಂದು ಕೂಡಿಸಿ, ಸಂದಿ ಕಾಣದ ಹಾಗೆ ಕಟ್ಟಿದ ಒಲೆ. "ಇದಕ್ಕ ಅರ್ಧ ಕಟಗಿ ಸಾಕ್ರಿ" ಎಂದು ಶಾಂತವ್ವ ಹೆಮ್ಮೆಯಿಂದ ಹೇಳಿದಳು. ಚೂರುಗಳನ್ನು ಕಸಕ್ಕೆ ಎಸೆಯುವುದು ನನಗೂ ಗೊತ್ತಿತ್ತು. ಯಾರು ಬೇಕಾದರೂ ಒಯ್ಯುತ್ತಿದ್ದರು. ಮಾರನೇ ದಿನ ಆಫೀಸಿನಲ್ಲಿ ನಗುತ್ತಾ, "ಯಮನಪ್ಪನ ಮನೆ ಒಲೆ ನಮ್ಮ ಫರ್ನೇಸಿಗಿಂತ ಸಕ್ಕತ್ತಾಗಿದೆ ಕಣ್ರೀ, ನಮ್ಮ ಇಟ್ಟಿಗೆಯದ್ದೇ" ಎಂದೆ. ಎಲ್ಲರೂ ನಕ್ಕರು. ಹೊಗಳಲೆಂದೇ ಹೇಳಿದ್ದೆ.

ಆ ವರ್ಷದ ದೊಡ್ಡ ಕೆಲಸ ನಾಲ್ಕನೇ ಹಂತದ ಒಂದು ಗೇರು ಕಾರ್ಖಾನೆಯದ್ದು. ಅಲ್ಲಿಯವರೆಗೆ ನಮ್ಮ ಕಂಪನಿ ಕಟ್ಟಿದ್ದರಲ್ಲಿ ಅದೇ ದೊಡ್ಡ ಫರ್ನೇಸು. ಗೋಡೆಯ ಲೆಕ್ಕ ಪೂರ್ತಿ ನನ್ನದೇ. ಹಾಳೆಯ ಕೆಳಗೆ ಮೊದಲ ಸಲ ನನ್ನ ಸಹಿ ಬಿತ್ತು. ಚದರ ಮೀಟರಿಗೆ ಗಂಟೆಗೆ ಐನೂರ ಅರವತ್ತು ಕಿಲೋ ಕ್ಯಾಲರಿ, ಹೊರತಗಡು ಎಂಬತ್ತೈದು ಡಿಗ್ರಿ. ಯಮನಪ್ಪ ಐದು ವಾರ ಅದರೊಳಗೆ ಕುಳಿತು ಕಟ್ಟಿದ. ಜಾಗ ಇಕ್ಕಟ್ಟು. ಫರ್ನೇಸಿನ ಹಿಂಭಾಗಕ್ಕೂ ಶೆಡ್ಡಿನ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡವಾಗಿ ತೂರುವಷ್ಟು ಸಂದಿ ಮಾತ್ರ.

ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಸಂಕ್ರಾಂತಿ, ಯುಗಾದಿ ಎಲ್ಲ ಅದರ ಹಿಂದೆ. ವಾರ ಮುಂಚೆಯೇ ಇಡೀ ಬೀದಿಗೆ ಪೇಂಟಿನ ವಾಸನೆ. ಹಳೇ ಲೇತುಗಳೂ ಹೊಸ ಬಣ್ಣದಲ್ಲಿ ಮಿಂಚಬೇಕು. ನಾವು ಯಾವಾಗಲೂ ಫರ್ನೇಸಿಗೆ ಬೂದು ಬಣ್ಣ ಬಳಿಯುತ್ತಿದ್ದೆವು. ಆ ಕಾರ್ಖಾನೆಯ ಮ್ಯಾನೇಜರು ಮಾತ್ರ, "ಮೇಡಂ, ಪೂಜೆ ದಿನ ಎಂ.ಡಿ. ಬರ್ತಾರೆ, ಸಿಲ್ವರ್ ಹೊಡಿಸ್ಬಿಡಿ, ಫಳಫಳ ಅನ್ಬೇಕು" ಎಂದರು. ಬಣ್ಣ ತಾನೇ, ಯಾವುದಾದರೇನು ಎಂದುಕೊಂಡು ಆಗಲಿ ಎಂದೆ. ಪೇಂಟರು ಮುಂದೆ, ಅಕ್ಕಪಕ್ಕ ಎಲ್ಲ ಸಿಲ್ವರ್ ಬಳಿದ. ಹಿಂದಿನ ಸಂದಿಯಲ್ಲಿ ಕೈ ಆಡದ್ದರಿಂದ ಅಲ್ಲಿ ಮೊದಲ ಪದರದ ಕೆಂಪು ಪ್ರೈಮರನ್ನು ಹಾಗೇ ಬಿಟ್ಟ. ಯಾರ ಕಣ್ಣಿಗೂ ಬೀಳದ ಜಾಗ, ನಾವೂ ಕೇಳಲಿಲ್ಲ.

ಪೂಜೆಯ ದಿನ ಫರ್ನೇಸು ಕಟ್ಟಿದ ಮೇಸ್ತ್ರಿಯ ಕೈಯಲ್ಲೇ ಬೂದುಗುಂಬಳ ಒಡೆಸುವುದು ಅಲ್ಲಿನ ಪದ್ಧತಿ. ಯಮನಪ್ಪ ಬಿಳಿ ಪಂಚೆ ಉಟ್ಟು ಬಂದಿದ್ದ. ಎಂ.ಡಿ. ಅವನ ಹೆಗಲಿಗೆ ಶಲ್ಯ ಹೊದಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಂತವ್ವ ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದಳು. ಅವಳ ಮುಖ ನೋಡಿ ನನಗೂ ಕಣ್ಣು ತುಂಬಿತು.

ಆರು ದಿನ ಕಳೆದ ಮೇಲೆ ಅಂತಿಮ ಪರೀಕ್ಷೆ. ಫರ್ನೇಸು ಮೊದಲ ಸಲ ಪೂರಾ ಕಾವಿಗೆ ಬಂದಿತ್ತು. ಮುಂದಿನ ತಗಡಿಗೆ ಥರ್ಮಾಮೀಟರ್ ಇಟ್ಟು ನೋಡಿದರೆ ನೂರ ಎಂಟು. ಪಕ್ಕದ ಗೋಡೆಯೂ ನೂರ ಎಂಟು. ಮ್ಯಾನೇಜರು ಕೆಂಪು ಶಾಯಿಯಲ್ಲಿ ಬರೆದುಕೊಂಡರು. "ರಿಜೆಕ್ಟ್ ಮೇಡಂ. ಏನಾಗಿದೆ ನೋಡಿ, ಸರಿ ಮಾಡಿಕೊಡಿ" ಎಂದರು.

ಆಫೀಸಿಗೆ ಬಂದು ಕಾಗದ ಹಿಡಿದು ಕುಳಿತೆ. ತಗಡಿನ ಬಿಸಿ ಗೊತ್ತು, ಶೆಡ್ಡಿನ ಗಾಳಿಯ ಬಿಸಿ ಗೊತ್ತು. ಅವೆರಡರಿಂದ ಗೋಡೆಯ ಮೂಲಕ ಎಷ್ಟು ಶಾಖ ಬರುತ್ತಿದೆಯೆಂದು ಹಿಮ್ಮುಖವಾಗಿ ಕಂಡುಹಿಡಿಯಬಹುದು. ಬಿಸಿ ತಗಡು ಎರಡು ದಾರಿಯಿಂದ ಶಾಖ ಕಳೆದುಕೊಳ್ಳುತ್ತದೆ. ಒಂದಿಷ್ಟನ್ನು ಗಾಳಿ ಒಯ್ಯುತ್ತದೆ, ಉಳಿದದ್ದನ್ನು ತಗಡೇ ಸುತ್ತಮುತ್ತ ಸೂಸುತ್ತದೆ. ಎಷ್ಟು ಧಾರಾಳವಾಗಿ ಸೂಸುತ್ತದೆ ಎನ್ನುವುದಕ್ಕೆ ಸೊನ್ನೆಯಿಂದ ಒಂದರವರೆಗೆ ಒಂದು ಅಂಕಿಯಿದೆ. ನಾನು ಯಾವತ್ತೂ ಹಾಕುತ್ತಿದ್ದದ್ದು ಸೊನ್ನೆ ಬಿಂದು ಒಂಬತ್ತು. ಕೈ ತಾನಾಗಿ ಅದನ್ನೇ ಬರೆಯಿತು. ಬಂದ ಉತ್ತರ ಒಂಬೈನೂರ ಮೂವತ್ತು. ಇರಬೇಕಾದದ್ದು ಐನೂರ ಅರವತ್ತು. ಇನ್ನೆರಡು ಸಲ ಲೆಕ್ಕ ಹಾಕಿದೆ, ಅದೇ ಬಂತು.

"ಲೆಕ್ಕ ಏನ್ ಹೇಳ್ತದವ್ವಾ?" ಎಂದು ರಾಜಶೇಖರಪ್ಪನವರು ಕೇಳಿದರು.

"ಬಿಳಿ ಇಟ್ಟಿಗೆ ಪೂರ್ತಿ ಇಲ್ಲ ಸಾರ್. ಇದ್ದಿದ್ರೆ ಇಷ್ಟು ಶಾಖ ಹೊರಗೆ ಬರೋಕೆ ಸಾಧ್ಯ ಇಲ್ಲ."

ನಾನು ಹೇಳಿದ್ದು ಇಷ್ಟೇ. ಉಳಿದದ್ದನ್ನು ಗಂಗರಾಜು ಹೇಳಿದ: "ಇಲ್ಲ ಅಂದ್ರೆ ಎಲ್ಲೋಯ್ತು ಸಾರ್? ಅವ್ನ ಮನೆ ಒಲೆ ಯಾತರದ್ದು ಅಂತ ಮೇಡಮ್ಮೇ ಏಳಿದ್ರಲ್ಲ." ಒಲೆ ಕಟ್ಟಲು ಬಿಳಿ ಇಟ್ಟಿಗೆಗೆ ಬೇಕರಿಯವರಿಂದ ಬೇಡಿಕೆ ಇತ್ತು. ಬಿಳಿಯದನ್ನು ಹೊರಗೆ ಸಾಗಿಸಿ, ಆ ಜಾಗಕ್ಕೆ ಮಾಮೂಲಿ ಇಟ್ಟಿಗೆ ತುಂಬಿದ್ದಾನೆ ಎಂಬ ಮಾತು ಒಂದು ಗಂಟೆಯೊಳಗೆ ಸಿದ್ಧವಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಒಡಕು ಚೂರುಗಳ ಸಂಗತಿ ನಾನು ಬಾಯಿ ಬಿಟ್ಟು ಹೇಳಬಹುದಿತ್ತು. ಲೆಕ್ಕವೇ ಹಾಗೆ ಹೇಳುವಾಗ ಚೂರುಗಳದ್ದೇನು ಎಂದು ಸುಮ್ಮನಿದ್ದೆ.

ಶನಿವಾರ ಮಧ್ಯಾಹ್ನ ಚಹಾ ಹೊತ್ತಿಗೆ ನಮ್ಮ ಕಂಪನಿಯ ಮೂವತ್ತು ಜನರೂ ಅಂಗಳದಲ್ಲಿದ್ದರು. ಸೋನೆ ಮಳೆ. ಯಮನಪ್ಪನನ್ನು ಅಲ್ಲಿಯೇ ಕೇಳಿದರು. ಅವನಿಗೆ ಮೊದಲು ಏನು ಕೇಳುತ್ತಿದ್ದಾರೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಲೋಟ ಕೆಳಗಿಟ್ಟ.

"ಇಟ್ಟಂಗಿ ಎಲ್ಲಾ ಒಳಗ ಅದಾವ್ರಿ" ಎಂದ.

"ಒಳಗಿದ್ರೆ ನೂರೆಂಟು ಡಿಗ್ರಿ ಯಾಕ್ ಬರ್ತೈತೆ?" ಎಂದ ಗಂಗರಾಜು.

ಯಮನಪ್ಪ ನನ್ನ ಕಡೆ ತಿರುಗಿದ. ಅವನು ಆಮೇಲೆ ಹೇಳಿದ ಎರಡು ಮಾತನ್ನು ಇವತ್ತಿಗೂ ಅಕ್ಷರ ಬಿಡದೆ ಹೇಳಬಲ್ಲೆ.

"ಮೇಡಂ, ನಿನ್ನೆ ನಾ ಹೋಗಿ ನೋಡೇನ್ರಿ. ಮುಂದ ನಿಂತ್ರ ಮಾರಿಗೆ ಕಾವು ಬಡಿಯೂದಿಲ್ಲ. ಮುಟ್ಟಿದ್ರ ಸುಡತೈತಿ. ಇಟ್ಟಂಗಿ ಇಲ್ಲದ ಗ್ವಾಡಿ ಹಂಗ ಇರೂದಿಲ್ರಿ, ಅದು ದೂರಿಂದನ ಬಡೀತೈತಿ. ಹಿಂದಿನ ಗ್ವಾಡಿನೂ ನಾನ ಕಟ್ಟೀನಿ. ಒಮ್ಮೆ ಹಿಂದ ಹೋಗಿ ನಿಮ್ಮ ಮೀಟರ್ ಇಟ್ಟು ನೋಡ್ರಿ."

ಹಿಂದೆ ಹೋಗಬೇಕೆಂದರೆ ಆ ಸಂದಿಯಲ್ಲಿ ಅಡ್ಡಡ್ಡ ತೂರಬೇಕು, ಚೂಡಿದಾರಕ್ಕೆಲ್ಲ ಮಸಿ. ನಿಜ ಹೇಳಬೇಕೆಂದರೆ ಮಸಿ ನೆಪ. ಒಬ್ಬ ಮೇಸ್ತ್ರಿ ಮೂವತ್ತು ಜನರ ಎದುರು ನನಗೆ ಶಾಖದ ಪಾಠ ಹೇಳುತ್ತಿದ್ದಾನೆ ಎನ್ನುವುದೇ ಚುಚ್ಚಿತ್ತು. ಇಪ್ಪತ್ತೆರಡು ವರ್ಷದ ಕೊಬ್ಬು.

"ಲೆಕ್ಕ ಸುಳ್ಳು ಹೇಳಲ್ಲ ಯಮನಪ್ಪ" ಎಂದೆ.

ಅವನು ಕೂಗಾಡಲಿಲ್ಲ, ಆಣೆ ಹಾಕಲಿಲ್ಲ. ಮರದ ಸುತ್ತಿಗೆ, ಕರಣೆ ಎತ್ತಿ ಚೀಲಕ್ಕೆ ಹಾಕಿಕೊಂಡು ಮಳೆಯಲ್ಲೇ ಹೊರಟ. ರಾಜಶೇಖರಪ್ಪನವರು ಬೇಡ ಎನ್ನಲಿಲ್ಲ. ಪೀಣ್ಯದಲ್ಲಿ ಫರ್ನೇಸು ಕಟ್ಟುವ ಕಂಪನಿಗಳು ಬೆರಳೆಣಿಕೆಯಷ್ಟು. ಸೋಮವಾರದ ಹೊತ್ತಿಗೆ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಅವನಿಗೆ ಮತ್ತೆ ಆ ಕೆಲಸ ಯಾರೂ ಕೊಡಲಿಲ್ಲ.

ದೀಪಾವಳಿಗೆ ಆ ಕಾರ್ಖಾನೆಗೆ ನಾಲ್ಕು ದಿನ ರಜೆ. ಫರ್ನೇಸು ತಣ್ಣಗಾಗಲೆಂದು ಕಾದಿದ್ದು, ಮುಂದಿನ ತಗಡು ಬಿಚ್ಚಿಸಿದೆವು. ಎಲ್ಲಿ ಬಿಳಿ ಇಟ್ಟಿಗೆ ಇಲ್ಲವೋ ಅಲ್ಲಿ ತುಂಬಿಸುವುದು ನಮ್ಮ ಯೋಜನೆ. ಗಂಗರಾಜು ಬೋಲ್ಟುಗಳನ್ನು ತೆಗೆಸಿದ, ತಗಡು ಬದಿಗೆ ಸರಿಯಿತು.

ಒಳಗೆ ಬಿಳಿ ಇಟ್ಟಿಗೆ. ಮೇಲಿನಿಂದ ಕೆಳಗಿನವರೆಗೆ, ಈ ತುದಿಯಿಂದ ಆ ತುದಿಯವರೆಗೆ, ಸಾಲು ಸಾಲಾಗಿ. ಗಂಗರಾಜು ಜೇಬಿನಿಂದ ಎಂಟಾಣೆ ತೆಗೆದು ಒಂದು ಸಂದಿಗೆ ಹಿಡಿದ. ಹೋಗಲಿಲ್ಲ. ಇನ್ನೊಂದು ಸಂದಿಗೆ ಹಿಡಿದ. ಆಮೇಲೆ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ.

"ಎಲ್ಲಾ ಐತಲ್ಲ ಮೇಡಂ" ಎಂದ.

ನಾನು ಕ್ಯಾಂಟೀನಿನ ಬೆಂಚಿನ ಮೇಲೆ ಹೋಗಿ ಕುಳಿತರೆ ಯಮನಪ್ಪನ ಮಾತೇ ಕಿವಿಯಲ್ಲಿ. ಮುಂದೆ ನಿಂತರೆ ಕಾವು ಬಡಿಯುವುದಿಲ್ಲ, ಮುಟ್ಟಿದರೆ ಸುಡುತ್ತದೆ. ಸುಡುವ ಗೋಡೆ ಕಾವನ್ನು ಸೂಸುತ್ತಿಲ್ಲ ಎಂದರೆ? ಮನೆಗೆ ಹೋಗಿ ಕಾಲೇಜಿನ ಪುಸ್ತಕ ತೆಗೆದೆ. ಪರೀಕ್ಷೆಗೆ ಬರುವುದಿಲ್ಲ ಎಂದು ನಾವೆಲ್ಲ ಬಿಟ್ಟಿದ್ದ ಒಂದು ಪಟ್ಟಿ ಹಿಂದಿನ ಪುಟಗಳಲ್ಲಿತ್ತು. ಬೂದು ಪೇಂಟು, ಕೆಂಪು ಪ್ರೈಮರು: ಸೊನ್ನೆ ಬಿಂದು ಒಂಬತ್ತು. ಅಲ್ಯೂಮಿನಿಯಂ ಪೇಂಟು: ಸೊನ್ನೆ ಬಿಂದು ಮೂರು.

ಸಿಲ್ವರ್ ಬಣ್ಣ ಜಿಪುಣ. ತನಗೆ ಬಂದ ಶಾಖವನ್ನು ಸುಲಭಕ್ಕೆ ಸೂಸುವುದಿಲ್ಲ, ಹಾಗಾಗಿ ತಾನೇ ಬಿಸಿಯಾಗುತ್ತ ಹೋಗುತ್ತದೆ. ಒಳಗಿನಿಂದ ಬರುವ ಶಾಖವೇನೂ ಹೆಚ್ಚಿರಲಿಲ್ಲ. ಒಂಬತ್ತರ ಜಾಗದಲ್ಲಿ ಮೂರು ಹಾಕಿ ಲೆಕ್ಕ ಮಾಡಿದೆ. ಐನೂರ ಅರವತ್ತು ಬಂತು. ಯಮನಪ್ಪನ ಗೋಡೆ ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ನಾನು ಪ್ರತ್ಯಕ್ಷ ಕಾಣುವುದಕ್ಕೂ ಹೋಗಿರಲಿಲ್ಲ.

ತಗಡು ಮುಚ್ಚಿ, ಸಿಲ್ವರಿನ ಮೇಲೆ ಬೂದು ಬಣ್ಣ ಹೊಡೆಸಿ ಫರ್ನೇಸು ಹೊತ್ತಿಸಿದೆವು. ಎಂಬತ್ತಾರು. ಆಗ ಹಿಂದಿನ ಸಂದಿಗೆ ತೂರಿದೆ. ಕೆಂಪು ಪ್ರೈಮರಿನ ಗೋಡೆ, ಅಲ್ಲಿಯೂ ಎಂಬತ್ತಾರು. ಮ್ಯಾನೇಜರು ಖುಷಿಯಿಂದ ಸಹಿ ಹಾಕಿದರು. ಚೂಡಿದಾರಕ್ಕೆ ಮಸಿಯೇನೋ ಆಯಿತು, ಒಗೆದರೆ ಹೋಗುವಷ್ಟು.

ರಾಜಶೇಖರಪ್ಪನವರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆದದ್ದು ಆಗಿಹೋಯ್ತವ್ವಾ. ಸಹಿ ಬಿತ್ತಲ್ಲ. ಬಣ್ಣದ ಗುಣ ಗೊತ್ತಿಲ್ಲದೋರು ಅಂತ ಗಿರಾಕಿಗಳಿಗೆ ಗೊತ್ತಾದ್ರೆ ಚೆನ್ನಾಗಿರಲ್ಲ" ಎಂದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ರಾಜಗೋಪಾಲನಗರದ ಕೋಣೆಗೆ ಬೀಗ ಬಿದ್ದಿತ್ತು. ವೈಟ್‌ಫೀಲ್ಡ್ ಕಡೆ ದೊಡ್ಡ ಕಟ್ಟಡ ಏಳುತ್ತಿದೆ, ಅಲ್ಲಿಗೆ ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಭಾನುವಾರ ಮೆಜೆಸ್ಟಿಕ್‌ಗೆ ಹೋಗಿ, ಬಸ್ಸು ಬದಲಿಸಿ, ಎರಡೂವರೆ ಗಂಟೆ ಕುಳಿತು ಹೋದೆ. ಆಗ ಅಲ್ಲಿ ದ್ರಾಕ್ಷಿ ತೋಟ, ನೀಲಗಿರಿ ತೋಪು, ಅವುಗಳ ನಡುವೆ ಏಳುತ್ತಿದ್ದ ಗಾಜಿನ ಕಟ್ಟಡ. ಹಿಂದೆ ತಗಡಿನ ಗುಡಿಸಲುಗಳ ಸಾಲು. ಶಾಂತವ್ವ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಬಾ ಎನ್ನಲಿಲ್ಲ.

"ನಮ್ಮ ಮನ್ಯಾಗ ಚಾ ಕುಡದು ಹೋಗಿ ನಮ್ಮ ಒಲಿ ಸುದ್ದಿ ಹೇಳಿದ್ರಲ್ರಿ" ಎಂದಳು. "ಆ ಒಲಿ ನಾನ ಒಡದು ಹಾಕಿ ಬಂದೆ."

ನನಗೆ ಅಳು ಬಂತು. ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಯಮನಪ್ಪ ಕೆಲಸದ ಜಾಗದಿಂದ ಬಂದ, ಮೈಯೆಲ್ಲ ಸಿಮೆಂಟು. ಗಾರೆ ಕಲಸುವ ಕೂಲಿ ಮಾಡುತ್ತಿದ್ದ. ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದೆ. ಬಣ್ಣದ ಸಂಗತಿ ಹೇಳುವಾಗ ತಲೆಯಾಡಿಸಿದ. ನಾನು ಮುಗಿಸಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಇದು:

"ತಗಡು ತಗದು ನೋಡಿದ್ರ್ಯಾ? ಸಂದಿ ಹೆಂಗಿದ್ವು?"

"ಬಿಲ್ಲೆ ಹೋಗಲಿಲ್ಲ ಯಮನಪ್ಪ. ಒಂದರಲ್ಲೂ ಹೋಗಲಿಲ್ಲ."

"ಹೂಂ" ಎಂದ. ಹದಿನೈದು ವರ್ಷ ಕಟ್ಟಿದ ಗೋಡೆಗಳಲ್ಲಿ ಒಂದನ್ನಾದರೂ ಯಾರೋ ಬಿಚ್ಚಿ ನೋಡಿದ್ದು ಅದೇ ಮೊದಲು ಇರಬೇಕು. ಆಮೇಲೆ ಕೈ ತೊಳೆದುಕೊಂಡು ಹೇಳಿದ, "ಎಲ್ಲಾರ ಮುಂದ ಅಂದ್ರಿ. ಇಲ್ಲಿ ಬಂದು ನನಗೊಬ್ಬಗ ಹೇಳಿದ್ರ ಏನ್ ಬಂತ್ರಿ? ನಾ ಕದ್ದಿಲ್ಲ ಅಂತ ನನಗ ಗೊತ್ತೈತಿ. ಅವರ ಮುಂದ ಹೇಳ್ರಿ."

ರಾಜಶೇಖರಪ್ಪನವರು ಎರಡು ದಿನ ಒಪ್ಪಲಿಲ್ಲ. ನೀವು ಯಮನಪ್ಪನನ್ನು ಕರೆಸದಿದ್ದರೆ ನಾನೇ ಗೇಟಿನ ಹೊರಗೆ ನಿಂತು ಒಬ್ಬೊಬ್ಬರಿಗೂ ಹೇಳುತ್ತೇನೆ ಎಂದೆ. ನನ್ನ ಹಟ ನಮ್ಮಪ್ಪನಿಗೆ ಗೊತ್ತು, ಅವರಿಗೂ ಗೊತ್ತಾಯಿತು. "ಬರಕ್ಕೇಳು" ಎಂದರು.

ಮುಂದಿನ ಶನಿವಾರ ಚಹಾ ಹೊತ್ತಿಗೆ ಅದೇ ಅಂಗಳದಲ್ಲಿ ಅದೇ ಮೂವತ್ತು ಜನ. ಮಳೆಗಾಲ ಮುಗಿದಿತ್ತು, ಬಿಸಿಲು ಚುರುಕಾಗಿತ್ತು. ಯಮನಪ್ಪ ಒಗೆದ ಅಂಗಿ ತೊಟ್ಟು ಬಂದಿದ್ದ, ಶಾಂತವ್ವ ಗೇಟಿನ ಹತ್ತಿರವೇ ನಿಂತಳು. ಲೆಕ್ಕದ ಹಾಳೆ ಹಿಡಿದು ನಾನು ಶುರು ಮಾಡಿದೆ. ಸೂಸುವಿಕೆ, ಅಂಕಿ, ಬಣ್ಣ, ಒಂಬತ್ತು, ಮೂರು ಎಂದು ಏನೇನೋ ಹೇಳಿದೆ. ಎದುರಿನ ಮುಖಗಳಲ್ಲಿ ಒಂದಕ್ಕೂ ಅರ್ಥವಾದ ಹಾಗೆ ಕಾಣಲಿಲ್ಲ. ಕೊನೆಗೆ ಒಬ್ಬ ಫಿಟ್ಟರು ಕೇಳಿಯೇಬಿಟ್ಟ, "ಮೇಡಂ, ಒಂದೇ ಮಾತು ಏಳಿ. ಅವ್ನು ತಗೊಂಡಿರ್ಲಿಲ್ಲ ತಾನೇ?"

ಹಾಳೆ ಮಡಿಚಿದೆ.

"ಇಲ್ಲ. ಒಂದು ಇಟ್ಟಿಗೆಯನ್ನೂ ತಗೊಂಡಿಲ್ಲ. ತಪ್ಪು ನನ್ನದು. ಹಿಂದೆ ಹೋಗಿ ನೋಡಿ ಅಂತ ಅವನು ಹೇಳಿದ, ನಾನು ಹೋಗಲಿಲ್ಲ. ಒಲೆ ಕಟ್ಟಿದ್ದು ಒಡಕು ಚೂರಲ್ಲಿ ಅಂತ ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ."

ಗಂಗರಾಜು ಹೋಗಿ ಯಮನಪ್ಪನ ಕೈಗೆ ಚಹಾ ಕೊಟ್ಟ. ಅವನು ತೆಗೆದುಕೊಂಡು ನಿಧಾನಕ್ಕೆ ಕುಡಿದ. ರಾಜಶೇಖರಪ್ಪನವರು ಗಂಟಲು ಸರಿಮಾಡಿಕೊಂಡು, "ಸೋಮವಾರದಿಂದ ಕೆಲಸಕ್ಕೆ ಬಾ ಯಮನಪ್ಪ. ಏನೂ ಮನಸ್ಸಲ್ಲಿ ಇಟ್ಕೋಬೇಡ" ಎಂದರು. ನಾನು ಉಸಿರು ಬಿಟ್ಟೆ. ಎಲ್ಲ ಸರಿಹೋಯಿತು ಎಂದೇ ಅಂದುಕೊಂಡೆ.

ಯಮನಪ್ಪ ಲೋಟ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ.

"ಬರೂದಿಲ್ರಿ ಸಾಹೇಬ್ರ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಮೇಡಂ ಎಲ್ಲಾರ ಮುಂದ ಹೇಳಿದ್ರು, ಅದು ದೊಡ್ಡ ಮಾತು. ಆದ್ರ ಇನ್ನ ಮ್ಯಾಲ ಎಲ್ಲಿ ಗ್ವಾಡಿ ಬಿಸಿ ಆದ್ರೂ ನೀವೆಲ್ಲಾ ಮೊದಲ ನನ್ನ ಮಾರಿ ನೋಡ್ತೀರಿ. ನಾನೂ ಇಟ್ಟಂಗಿ ಬಿಟ್ಟು ಯಾರು ನೋಡಾಕತ್ಯಾರು ಅಂತ ನಿಮ್ಮ ಮಾರಿ ನೋಡಕೊಂತ ಕುಂದ್ರತೀನಿ. ಹಂಗ ಕೆಲಸ ಮಾಡಾಕ ನನಗ ಬರೂದಿಲ್ರಿ."

"ಹಂಗೇನೂ ಆಗಲ್ಲ ಯಮನಪ್ಪ" ಎಂದು ನಾನು ಹೇಳಿದೆ. ಅವನು ನಕ್ಕು ಕೈ ಮುಗಿದ. ಗಂಡ ಹೆಂಡತಿ ಇಬ್ಬರೂ ಗೇಟು ದಾಟಿ ಬಸ್ ಸ್ಟಾಪಿನ ಕಡೆ ಹೋದರು. ಮತ್ತೆ ನಾನು ಅವರನ್ನು ನೋಡಿಲ್ಲ.

ಆ ಕಂಪನಿಯಲ್ಲಿ ಇನ್ನೂ ಮೂರು ವರ್ಷ ಇದ್ದೆ. ಅವನ ಜಾಗಕ್ಕೆ ಸೇಲಂ ಕಡೆಯ ಒಬ್ಬ ಮೇಸ್ತ್ರಿ ಬಂದ. ಒಳ್ಳೆಯವನು, ಕೆಲಸವೂ ಚೊಕ್ಕ. ಒಂದು ದಿನ ಊಟದ ಹೊತ್ತಿನಲ್ಲಿ ಫೋನು ಬಂತು, ಹೊಸ ಫರ್ನೇಸಿನ ಗೋಡೆ ಹೆಚ್ಚು ಬಿಸಿಯಾಗುತ್ತಿದೆ ಎಂದು. ನಾನು ರಿಸೀವರ್ ಕೆಳಗಿಟ್ಟೆ. ಯಾವ ಬಣ್ಣ ಹೊಡೆದಿದ್ದಾರೆ ಎಂದು ಇನ್ನೂ ಕೇಳಿರಲಿಲ್ಲ, ಥರ್ಮಾಮೀಟರ್ ಕೈಗೆತ್ತಿಕೊಂಡಿರಲಿಲ್ಲ. ಆಗಲೇ ಕಿಟಕಿಯಾಚೆ ಊಟದ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದ ಮೇಸ್ತ್ರಿಯ ಮುಖವನ್ನು ನೋಡುತ್ತಿದ್ದೆ.